ಕೆಂಪು ಗುಂಡಿ

ದಿನಕ್ಕೆ ಎಂಬತ್ತು ಲೆವಾ, ಮಧ್ಯಾಹ್ನದ ಊಟ ಅವರದೇ.
ದುಭಾಷಿ ಕೆಲಸ, ಬಾಯಿ ಬಾಡಿಗೆಗೆ ಕೊಟ್ಟರಾಯಿತು ಎಂದುಕೊಂಡು
ಹೊರಟುಬಿಟ್ಟೆ ಸಿನಿಮಾದವರ ವ್ಯಾನಿನಲ್ಲಿ,
ಲೈಟುಗಳ ನಡುವೆ ಮೊಣಕಾಲು ಮಡಿಸಿ, ರೊಡೊಪಿ ಬೆಟ್ಟ ಹತ್ತಿ.

ಹಾಸ್ಯಚಿತ್ರ ಅಂತ ಯಾರೂ ಹೇಳಲಿಲ್ಲ.
'ಪ್ರವಾಸಿಯೊಬ್ಬ ನಿಮ್ಮ ಆತಿಥ್ಯ ನೋಡಲು ಬಂದಿದ್ದಾನೆ.'
ವೆಲಿಚ್ಕಾಗೆ ನಾನು ಹೇಳಿದ್ದಿಷ್ಟು, ನನಗೆ ಹೇಳಿದ್ದೂ ಇಷ್ಟೇ.
ಅವಳು ಅಂಗಳ ಗುಡಿಸಿದಳು, ತೀರಿಹೋದ ಗಂಡನ ಕುರ್ಚಿ ಒರೆಸಿದಳು,
ಪುದೀನ ಹಾಕಿ ಬಿಳಿ ಬೀನ್ಸ್ ಕಾಳಿನ ಸೂಪು ಕುದಿಸಿದಳು.

ಬಂದ ಟಪ್ಲಿನ್. ಬಾಗಿಲು ತಟ್ಟಲಿಲ್ಲ, ಶೂ ಬಿಚ್ಚಲಿಲ್ಲ,
ಅದೇ ಕುರ್ಚಿಯಲ್ಲಿ ಕೂತು ಮೇಜಿನ ಮೇಲೆ ಕಾಲಿಟ್ಟ, ಬ್ರೆಡ್ಡಿನ ಪಕ್ಕಕ್ಕೆ.
'ಇದು ಸೂಪೋ, ಮೇಕೆ ತೊಳೆದ ನೀರೋ?'
ನಾನಂದೆ: 'ಏನೇನು ಹಾಕಿದ್ದೀರಿ ಅಂತ ಕೇಳುತ್ತಿದ್ದಾರೆ.'
ಅವಳು ಬೆರಳು ಮಡಿಸುತ್ತ ಒಂದೊಂದೇ ಎಣಿಸಿದಳು.
'ಈ ಮುದುಕಿಗೆ ಹಲ್ಲೆಷ್ಟು?'
'ಮಕ್ಕಳೆಷ್ಟು ಅಂತ ಕೇಳುತ್ತಿದ್ದಾರೆ.'
'ಎರಡು' ಎಂದಳು ಹೆಮ್ಮೆಯಿಂದ, ಎರಡು ಬೆರಳೆತ್ತಿ.
ಕ್ಯಾಮೆರಾದ ಹಿಂದೆ ಯಾರೋ ತುಟಿ ಕಚ್ಚಿಕೊಂಡರು.

ಗಂಜಿ ಬಸಿದ ಹಾಗೆ ಬಸಿದೆ ಅವನ ಮಾತನ್ನು ದಿನವಿಡೀ,
ಬಿಸಿಯೆಲ್ಲ ನನ್ನ ಕೈಮೇಲೆ.
'ಇನ್ನಷ್ಟು ಬಡಿಸಲಾ?' ಅಂದಳು. ಬೇಡವೆಂದು ಅವನು
ತಲೆಯನ್ನು ಅಡ್ಡಡ್ಡ ಆಡಿಸಿದ. ನಮ್ಮಲ್ಲಿ ಅದಕ್ಕೆ ಹೌದೆಂದರ್ಥ.
ಮೂರು ಸಲ ಬಡಿಸಿದಳು, ಅಂಚು ತುಂಬ.
ಅದೊಂದು ಕಡೆ ಮಾತ್ರ ನಾನು ಬಾಯಿ ಬಿಡಲಿಲ್ಲ.

ಸಂಜೆ ವೈರು ಸುತ್ತುತ್ತಿದ್ದರು. ಅವನ ಕೋಟು ಮೊಳೆಗೆ ನೇತಾಡುತ್ತಿತ್ತು,
ನಡುವಿನ ಗುಂಡಿ ಇಲ್ಲದೆ. ಅದೂ ವೇಷದ ಭಾಗವೇ, ಆಮೇಲೆ ತಿಳಿಯಿತು.
ವೆಲಿಚ್ಕಾ ಯಾರನ್ನೂ ಕೇಳಲಿಲ್ಲ. ಡಬ್ಬಿಯಲ್ಲಿ ಕಂದು ಗುಂಡಿ ಸಿಗದೆ
ತನ್ನ ಸ್ವೆಟರಿನದೇ ಕೆಂಪು ಗುಂಡಿ ಕಿತ್ತು ಹೊಲಿದಳು,
ಇದ್ದ ಹಲ್ಲಿನಲ್ಲೇ ದಾರ ಕಡಿದು.

ಮರುವರ್ಷ ಸ್ಮೊಲ್ಯಾನಿನ ಟಾಕೀಸಿಗೆ ಬಂತು ಸಿನಿಮಾ.
ಟಿಕೆಟ್ಟು ಅವಳೇ ತೆಗೆಸಿದ್ದಳು, ನನಗೂ ಸೇರಿಸಿ.
ಜ್ವರ ಅಂದೆ. ಹಣೆ ಮುಟ್ಟಿ ನೋಡಿ, ನಡಿ ಅಂದಳು.

ಪರದೆಯಲ್ಲಿ ನಾನಿಲ್ಲ. ನನ್ನ ದನಿಯನ್ನು ಕತ್ತರಿಸಿ ಎಸೆದಿದ್ದರು.
ನಾನು ಬಸಿದು ಚೆಲ್ಲಿದ್ದೆಲ್ಲ ಕೆಳಗೆ
ಬಿಳಿ ಅಕ್ಷರದಲ್ಲಿ, ನಮ್ಮದೇ ಭಾಷೆಯಲ್ಲಿ.
ಹಲ್ಲು. ಎರಡು ಬೆರಳು. ಟಾಕೀಸು ಬಿದ್ದು ಬಿದ್ದು ನಕ್ಕಿತು.
ಔಷಧಿ ಅಂಗಡಿಯ ಮಿತ್ಕೊ ನಕ್ಕ, ಪೋಸ್ಟಿನ ಗಿಂಕಾ ನಕ್ಕಳು,
ಹಿಂದಿನ ಸಾಲಿನಿಂದ ಯಾರೋ ಸೂಪು ಕೇಳಿದರು.
ಅವಳು ಕನ್ನಡಕ ಏರಿಸಿಕೊಂಡು, ತುಟಿಯಾಡಿಸುತ್ತ,
ಪ್ರತಿ ಸಾಲನ್ನೂ ಓದಿದಳು. ನನ್ನ ಕಡೆ ತಿರುಗಲಿಲ್ಲ.

ಕೊನೆಗೆ ಒಂದು ಸಮುದ್ರ. ಟಪ್ಲಿನ್ ಒಂಟಿಯಾಗಿ ನಿಂತಿದ್ದ,
ಪಿಟೀಲು ನುಡಿಯುತ್ತಿತ್ತು, ಎಲ್ಲರೂ ಮೂಗು ಒರೆಸುತ್ತಿದ್ದರು.
ಆಗ ವೆಲಿಚ್ಕಾ ನನ್ನ ತೋಳು ಚಿವುಟಿದಳು:
'ಗುಂಡಿ ನೋಡು! ಶುರುವಿನಲ್ಲೂ ಇತ್ತು, ಅವನು ವಿಮಾನ ಹತ್ತುವಾಗ.
ನನ್ನ ಮನೆಗೆ ಬರುವ ಮೊದಲೇ
ನನ್ನ ಗುಂಡಿ ಹಾಕಿಕೊಂಡು ಹೊರಟಿದ್ದಾನೆ, ಬಡ್ಡೀಮಗ!'
ಚಿತ್ರೀಕರಣ ಹಿಂದುಮುಂದಾಗಿ ನಡೆಯುತ್ತದೆ ಅಂತ ವಿವರಿಸಹೋದೆ.
ಅವಳಾಗಲೇ ನಗತೊಡಗಿದ್ದಳು, ಪಿಟೀಲಿನ ಮೇಲೆ, ಸಮುದ್ರದ ಮೇಲೆ,
ಸಾಲು ಸಾಲೇ ತಿರುಗಿ ನೋಡುವಂತೆ, ಇರುವ ಹಲ್ಲೆಲ್ಲ ತೋರಿಸಿ.

ಹೊರಗೆ ಚಳಿ. ಬಸ್ಸಿಗೆ ಇನ್ನೂ ಹೊತ್ತಿತ್ತು.
'ಕೋಟು ಕೊಟ್ಟಾಗ ಏನಂದ ಅವನು, ನಿಜ ಹೇಳು.'
ಏನೂ ಅಂದಿರಲಿಲ್ಲ. ಫೋನು ನೋಡುತ್ತ ತೋಳು ತೂರಿಸಿದ್ದ, ಅಷ್ಟೇ.
'ಉಪಕಾರವಾಯಿತು ಅಂದರು' ಎಂದೆ.

ಜೇಬಿನಿಂದ ಸೂರ್ಯಕಾಂತಿ ಬೀಜ ತೆಗೆದು ನನ್ನ ಅಂಗೈಗೆ ಸುರಿದಳು.
'ಇದನ್ನೂ ನೀನೇ ಬಸಿದದ್ದಾ?'
ನಾನು ತಲೆಯಾಡಿಸಿದೆ, ಟಪ್ಲಿನ್ ಆಡಿಸಿದ ಹಾಗೆ, ಅಡ್ಡಡ್ಡ.